ಗಸಗಸೆ ಹಾಲಿನ ನಿದ್ದೆ

ವಿದ್ಯಾವತಿಗೆ ರಜೆ ಉಳಿದಿರಲಿಲ್ಲ. ಸೋಮವಾರ ಕಲಬುರಗಿಯ ಜೇವರ್ಗಿ ಕಾಲೋನಿಯ ಶಾಲೆಗೆ ಪಾಠ ಮಾಡಲು ಹೋಗಲೇಬೇಕು. ಎದೆಹಾಲು ಬಿಡಿಸಬೇಕೆಂದು ಹತ್ತು ತಿಂಗಳ ಐಶ್ವರ್ಯಾಳನ್ನು ಕಮಲಾಪುರದ ತವರಿಗೆ ಕರೆತಂದಿದ್ದಳು. ಕಲಬುರಗಿಯ ಶಹಾಬಜಾರದಲ್ಲಿ ಅವಳ ಪಕ್ಕದ ಮನೆಯಲ್ಲಿರುವ ನರ್ಸ್ ಜೀನತ್ ಕೂಡ ಜೊತೆಗೆ ಬಂದಿದ್ದಳು.

ಮಧ್ಯಾಹ್ನ ವಿದ್ಯಾವತಿಯ ಅವ್ವ ವಿಮಲಾಬಾಯಿ ಗೆದ್ದವಳಂತೆ ನಕ್ಕಳು.

"ನೋಡ್ರಿ, ಹೆಂಗ ಮಲಗ್ಯಾಳ! ಮೊಲಿ ನೆನಪೇ ಇಲ್ಲ."

"ಏನ್ ಕುಡಿಸೀರಿ ಅಮ್ಮಾ?" ಜೀನತ್ ಕೇಳಿದಳು.

"ಗಸಗಸಿ ಅರೆದು ಹಾಲಾಗ ಕುದಿಸೀನಿ. ಈ ವಿದ್ಯಾಗೂ ಅದನ್ನೇ ಕುಡಿಸಿ ಮೊಲಿ ಬಿಡಿಸೀನಿ. ಮಾಸ್ತರಣಿ ಆಗ್ಯಾಳ, ಏನ್ ಕಡಿಮಿ ಆಗ್ಯದ?"

"ಪಾಯಸದಾಗ ನಾವೂ ತಿಂತೀವಲ್ಲ ಜೀನತ್," ಎಂದಳು ವಿದ್ಯಾವತಿ.

"ನೀ ತಿಂದ್ರ ತೂಕಡಿಸ್ತಿ ಅಕ್ಕ. ಕೂಸಿಗಾದ್ರ ಉಸಿರೇ ತೂಕಡಿಸ್ತದ!"

ಜೀನತ್ ಮಗುವಿನ ಅಂಗಾಲು ತಟ್ಟಿದಳು. ಮಗು ಅಳಲಿಲ್ಲ. ಉಸಿರು ನಿಧಾನವಾಗಿತ್ತು, ತುಟಿ ನೀಲಿಗಟ್ಟುತ್ತಿತ್ತು.

"ಆಟೋ ಕರೀರಿ! ಜಲ್ದಿ!"

ಮೂವರೂ ಮಗುವನ್ನೆತ್ತಿಕೊಂಡು ಆಟೋಗೆ ಓಡಿದರು. ಸರಕಾರಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಐಶ್ವರ್ಯಾ ವಾರ್ಡೆಲ್ಲ ನಡುಗುವಂತೆ ಚೀರಿದಳು.

"ಅಳು ನನ್ನವ್ವ! ಇನ್ನೂ ಜೋರ್ ಅಳು!" ವಿದ್ಯಾವತಿ ಕುಣಿದೇ ಬಿಟ್ಟಳು.

"ಗಸಗಸಿಯಾಗ ಅಂಥಾದ್ದೇನದ?" ವಿಮಲಾಬಾಯಿ ಇನ್ನೂ ನಂಬಿರಲಿಲ್ಲ.

"ಅಫೀಮು ಅದೇ ಗಿಡದ ಕಾಯಿಂದ ಬರ್ತದ ಅಮ್ಮಾ. ಬೀಜಕ್ಕೂ ಅದು ಮೆತ್ತಿರಬಹುದು, ಕಣ್ಣಿಗೆ ಕಾಣಂಗಿಲ್ಲ. ನೋವು ತಣಿಸೋ ರಸ ನಮ್ಮ ಮಿದುಳಿನಾಗೇ ತಯಾರಾಗ್ತದ. ಅದು ಬಂದು ಕೂಡೋ ಜಾಗಕ್ಕ ಗ್ರಾಹಕ ಅಂತಾರ. ಅಫೀಮೂ ಅಲ್ಲೇ ಬಂದು ಕೂತು ಉಸಿರು ನಿಧಾನ ಮಾಡ್ತದ. ಕೂಸಿನ ತಲಿಯಾಗ ಆ ಗ್ರಾಹಕಗಳು ಇನ್ನೂ ಬೆಳ್ಯಾಕತ್ತಿರ್ತಾವ. ಏನ್ ತಿನಸ್ತೀವಿ, ಯಾವಾಗ ಹಾಲು ಬಿಡಸ್ತೀವಿ ಅನ್ನೋದ್ರಿಂದ ಅವು ಬದಲಾಗ್ತಾವ ಅಂತ ಇಲಿಮರಿಗಳಾಗ ಕಂಡಾರ!"

"ನನ್ನ ಮೊಮ್ಮಗಳು ಇಲಿ ಏನ?"

"ಅಲ್ರಿ. ಮನಷ್ಯಾರಾಗ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಗೊತ್ತಿಲ್ಲದ ಜಾಗದಾಗ ಅಫೀಮು ಯಾಕ ಸುರೀತೀರಿ?"

ವಿಮಲಾಬಾಯಿ ಮೊಮ್ಮಗಳ ಏರಿಳಿಯುವ ಎದೆಯನ್ನೇ ನೋಡುತ್ತ ನಿಂತಳು.

"ಹಂಗಾರ ಏನ್ ತಿನ್ನಸ್ಲಿ, ಹೇಳವ್ವ."

"ಕೆಂಪು ಬಾಳಿಹಣ್ಣು ಕಿವುಚ್ರಿ. ಬ್ಯಾಳಿ-ಅನ್ನ ಮೆತ್ತಗ ಮಾಡ್ರಿ. ಮೊಲಿಹಾಲು ಬಿಡಸಬ್ಯಾಡ್ರಿ. ಅಕ್ಕ ಸಾಲಿಗಿ ಹೋಗೋ ಮುಂದ, ಬಂದ ಮ್ಯಾಲೆ ಕುಡಸ್ತಾಳ."

"ಆಯ್ತು. ಗಸಗಸಿ ಇನ್ನ ದೊಡ್ಡವರ ಪಾಯಸಕ್ಕಷ್ಟೇ!"

ತಾಯಂದಿರೇ, ಅಜ್ಜಿಯರೇ, ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಿ. ಆಮೇಲೆ ಮೆತ್ತನೆಯ ಊಟ ಶುರುಮಾಡಿ. ಎರಡು ವರ್ಷ ತುಂಬುವವರೆಗೂ ಎದೆಹಾಲು ಜೊತೆಗಿರಲಿ. ಮಲಗಿಸಲೆಂದು ಗಸಗಸೆ, ಅಫೀಮು ಕೊಡಲೇಬೇಡಿ. ಆಗಲೇ ಕೊಟ್ಟಿದ್ದು ಮಗು ಮಂಕಾದರೆ 108ಕ್ಕೆ ಕರೆ ಮಾಡಿ. ಏನು ಕುಡಿಸಿದಿರೆಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ತಡವಾದರೆ ಮಗು ಉಳಿಯದಿರಬಹುದು.

ಐಶ್ವರ್ಯಾ ಉಳಿದಳು. ಆ ಓಟದಲ್ಲಿ ಕಳೆದದ್ದು ವಿಮಲಾಬಾಯಿಯ ಒಂದು ಚಪ್ಪಲಿ.