ಹೆಜ್ಜೆಯಿಲ್ಲದ ಅಂಗಳ

ನನಗೆ ತಾಳ್ಮೆ ಅನ್ನೋದು ಹುಟ್ಟಿನಿಂದಲೇ ಇಲ್ಲ. ಅಂಥವನಿಗೆ ಈ ಹಿಮದ ಫೋಟೋ ಹುಚ್ಚು ಹತ್ತಿದ್ದು ಗ್ರಹಚಾರವೇ ಸರಿ. ಆ ಜನವರಿಯಲ್ಲಿ ಉತ್ತರ ಧ್ರುವದ ಕಡೆಗಿರೋ ನಮ್ಮ ಪೋಸಿಯೊ ಊರಿನ ಕ್ಯಾಲೆಂಡರಿನ ಮುಖಪುಟಕ್ಕೆ ನನ್ನ ಚಿತ್ರವೇ ಬರಬೇಕು ಅಂತ ಹಟ ಹಿಡಿದಿದ್ದೆ. ಕೆರೆಯಾಚೆ ಒಂಟಿಯಾಗಿರೋ ಸೈಮಿ ಅಕ್ಕನ ಮರದ ಮನೆ, ಹಿಮ ಹೊತ್ತು ಬಾಗಿದ ಮರಗಳು, ಮುಂದೆ ಒಂದೂ ಹೆಜ್ಜೆಯಿಲ್ಲದ ಅಂಗಳ. ಇಷ್ಟೇ ಬೇಕಾಗಿತ್ತು.

ಭಾನುವಾರ ಹಿಮ ಬೀಳೋ ಮುಂಚೆಯೇ ಹೋಗಿ, ನಾನು ಫೋಟೋ ತೆಗೆಯೋವರೆಗೆ ಅಂಗಳ ತುಳೀಬೇಡ ಅಂತ ಅಕ್ಕನನ್ನು ಗೋಗರೆದೆ. ಸೌದೆ ಕೊಟ್ಟಿಗೆ ಅಂಗಳದ ಆಚೆಗಿದೆ, ನಿನ್ನ ಚಿತ್ರಕ್ಕೆ ನಾನು ಮರಗಟ್ಟಬೇಕಾ ಅಂತ ನಕ್ಕಳು. ಆಮೇಲೆ ಎರಡು ದಿನಕ್ಕಾಗುವಷ್ಟು ಸೌದೆ ಒಳಗೆ ತಂದಿಟ್ಟುಕೊಂಡು, "ಹೋಗೋ ಇಲ್ಮೊ, ಮಾತು ಕೊಟ್ಟಿದೀನಿ" ಅಂದಳು.

ರಾತ್ರಿಯೆಲ್ಲ ಹಿಮ ಬಿತ್ತು. ಬೆಳಗಾದರೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ ಮಂಜು. ಮೂರು ದಿನ ಹೋಗಿ ಹೋಗಿ ಕೆರೆ ದಂಡೆಯಲ್ಲಿ ನಿಂತೆ, ಬೈದುಕೊಂಡೆ, ವಾಪಸ್ ಬಂದೆ. ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಊಟ ಸೇರಲಿಲ್ಲ.

ಗುರುವಾರ ಆಕಾಶ ತೆರೆಯಿತು. ಸೊನ್ನೆಗಿಂತ ಮೂವತ್ತಮೂರು ಡಿಗ್ರಿ ಕೆಳಗೆ. ಕ್ಯಾಮೆರಾದ ಬ್ಯಾಟರಿಯನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು ಹೋದೆ. ಹತ್ತು ಗಂಟೆಗೆ ಬಿಸಿಲು ಬಂತು, ಮರಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದವು. ಅಂಗಳದಲ್ಲಿ ಒಂದು ಹಕ್ಕಿಯ ಹೆಜ್ಜೆ ಸಹ ಇರಲಿಲ್ಲ. ಒಂದೇ ಕೊರತೆ ಅಂದರೆ ಚಿಮಣಿಯಲ್ಲಿ ಹೊಗೆ. ಅದೂ ಇದ್ದಿದ್ದರೆ ಚಿತ್ರಕ್ಕೆ ಜೀವ ಬರ್ತಿತ್ತು. ಇನ್ನೂ ಒಲೆ ಹಚ್ಚಿಲ್ವಲ್ಲ ಈ ಸೋಮಾರಿ ಹೆಂಗಸು ಅಂತ ಗೊಣಗುತ್ತಾ, ಒಂದೂ ಫೋಟೋ ತೆಗೆಯದೆ ಹತ್ತು ನಿಮಿಷ ಕಾದೆ.

ಆಮೇಲೆ ಲೆಕ್ಕ ಹೊಳೆಯಿತು. ಎರಡು ದಿನದ ಸೌದೆ, ಇದು ನಾಲ್ಕನೇ ದಿನ. ಒಂದು ಫೋನ್ ಮಾಡೋ ಬುದ್ಧಿ ಬರಲಿಲ್ಲವಲ್ಲ ನನ್ನ ಮಂಡೆಗೆ!

ಕ್ಯಾಮೆರಾ ಅಲ್ಲೇ ಬಿಟ್ಟು, ಹೆಪ್ಪುಗಟ್ಟಿದ ಕೆರೆ ದಾಟಿ, ಮಂಡಿಯುದ್ದ ಹಿಮದಲ್ಲಿ ಬಿದ್ದು ಎದ್ದು ಓಡಿದೆ. ಅಕ್ಕ ಇದ್ದಬದ್ದ ಕಂಬಳಿಯೆಲ್ಲ ಹೊದ್ದು, ಆರಿದ ಒಲೆಗೆ ಒರಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಒಲೆ ಬಾಯಲ್ಲಿ ಅರೆಸುಟ್ಟ ಕುರ್ಚಿ ಕಾಲು. ನನಗೆ ಅಳು ಬಂದುಬಿಟ್ಟಿತು, ನಾಚಿಕೆಯಿಂದ.

"ಸೌದೆ ತರೋಕೇನಾಗಿತ್ತಕ್ಕಾ?"

ಅವಳು ಕಿಟಕಿಯಾಚೆ ನಾನು ಉತ್ತುಹಾಕಿದ ಅಂಗಳ ನೋಡಿದಳು.

"ತುಳಿದ್ಯಲ್ಲೋ," ಅಂದಳು. "ಫೋಟೋ ಆದ್ಮೇಲೆ ತಾನೇ?"

ಹೂಂ ಅಕ್ಕಾ, ಚೆನ್ನಾಗಿ ಬಂತು ಅಂದು, ಸೌದೆ ತರಲು ಹೊರಗೆ ಹೋದೆ.