ಅಡುಗೆ ಯಾರು ಮಾಡುತ್ತಾರೆ?

"ತಲೆ ಕಡೆ ಎತ್ರೋ, ಗೋಡೆಗೆ ತಾಗುತ್ತೆ!" ಎಂದು ಕೂಗುತ್ತ ವೆಲ್ಡರ್ ತನ್ನ ಹೆಂಡತಿಯ ಹೆಣವನ್ನು ಮೆಟ್ಟಿಲಿಳಿಸುತ್ತಿದ್ದ. ಈ ತಿರುವಿನಲ್ಲೇ ಅವಳು ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದದ್ದು. ಇವತ್ತು ಒಂದೇ ಉಸಿರಿಗೆ ಇಳಿದುಹೋದಳು.

ಮಣ್ಣು ಮಾಡಿ ಬಂದ ಮೇಲೆ ಜನ ಅರ್ಧ ಮನೆಯೊಳಗೆ, ಅರ್ಧ ಕೆಳಗೆ ಬೀದಿಯಲ್ಲಿ ನಿಂತರು. ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುವ ಲೇತ್‌ನವನು ಸುಮ್ಮನಿದ್ದು ಗೊತ್ತಿಲ್ಲದ ಆಸಾಮಿ.

"ಏನೇ ಹೇಳಪ್ಪ, ನಿನ್ನ ಡಬ್ಬಿ ತೆಗೆದ್ರೆ ಇಡೀ ವರ್ಕ್‌ಶಾಪ್ ಮೂಗು ಅರಳಿಸ್ತಿತ್ತು. ಆ ತಾಯಿ ಹತ್ರ ಒಂದು ವಾರ ಟ್ರೇನಿಂಗ್ ತಗೋ ಅಂತ ನನ್ನ ಹೆಂಡ್ತಿಗೆ ಅಂದೆ. ಅವತ್ತಿಂದ ನನಗೆ ಅರ್ಧ ಹೊಟ್ಟೇನೇ."

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ವೆಲ್ಡರ್ ತಲೆ ತಗ್ಗಿಸಿದ. ಮಾತು ಹೆಚ್ಚಾಯಿತೇನೋ ಎಂದು ಲೇತ್‌ನವನು ಬೀಡಿ ನೆಪದಲ್ಲಿ ಕೆಳಗಿಳಿದ.

ನಾದಿನಿ ಹತ್ತಿರ ಬಂದು ಕೂತಳು. "ಹೋದ ತಿಂಗಳೂ ಅಕ್ಕ ಫೋನಲ್ಲಿ ಅತ್ಲು, ಭಾವ. ಮಾಸಾಶನ ನನ್ನ ಬಾಯಿಂದಲೇ ಹಾಳಾಯ್ತು ಕಣೇ ಅಂತ. ಅಂಥದ್ದೇನು ಹೇಳಿದ್ಲು ಡಾಕ್ಟರ ಹತ್ರ?"

ವೆಲ್ಡರ್ ಬಾಗಿಲ ಕಡೆ ನೋಡಿದ.

*

ಅವಳು ಏನೂ ಹೇಳಿರಲಿಲ್ಲ.

ಅವತ್ತು ಅಂಗವಿಕಲರ ಮಾಸಾಶನಕ್ಕೆ ತಪಾಸಣೆ. ಹೃದಯದ ಚೀಟಿ, ಉಬ್ಬಸದ ಚೀಟಿ, ಆತಂಕದ ಕಾಯಿಲೆಗೆ ಮತ್ತೊಂದು ಚೀಟಿ, ಎಲ್ಲ ಒಂದೇ ಚೀಲದಲ್ಲಿ. ಮನೆ ಬಿಡುವ ಮೊದಲು ಅವಳು ಮೂರು ಸಲ ಚಪ್ಪಲಿ ಮೆಟ್ಟಿ ಮೂರು ಸಲ ಬಿಚ್ಚಿದ್ದಳು. ತಪಾಸಣೆಯ ಕೋಣೆಗೆ ಬಾಗಿಲಿರಲಿಲ್ಲ, ಬರೀ ಪರದೆ. ಅದರಾಚೆ ಸಾಲಿನಲ್ಲಿ, ಮುದಿ ಅಪ್ಪನನ್ನು ಕರೆತಂದಿದ್ದ ಲೇತ್‌ನವನು.

"ಮನೇಲಿ ಅಡುಗೆ ಯಾರಮ್ಮ ಮಾಡ್ತಾರೆ?" ಡಾಕ್ಟರು ಕೇಳಿದರು.

ಅವಳು ಗಂಡನ ಮುಖ ನೋಡಿದಳು. ಆರು ವರ್ಷದಿಂದ ಅಡುಗೆ, ಪಾತ್ರೆ, ಅವಳ ತಲೆ ತೊಳೆಯುವುದು ಎಲ್ಲ ಅವನದೇ. ಕಬ್ಬಿಣ ಕರಗಿಸುವ ಗಂಡಸು, ಒಲೆ ಮುಂದೆ! ಪರದೆಯ ಕೆಳಗೆ ಲೇತ್‌ನವನ ಬೂಟು ಕಂಡಿತು.

"ಅವಳೇ ಸಾರ್. ಎಲ್ಲಾ ಅವಳೇ ಮಾಡ್ಕೋತಾಳೆ," ಎಂದುಬಿಟ್ಟ.

ಡಾಕ್ಟರು ಬರೆದುಕೊಂಡರು. ಅರ್ಜಿ ತಿರಸ್ಕೃತವಾಗಿ ಬಂದ ದಿನ ಅವಳೇ ಕೈ ಕೈ ಹಿಸುಕಿಕೊಂಡಳು. "ನೀವು ಗಾಬರೀಲಿ ಏನೋ ಅಂದ್ರಿ. ಅಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ನಂದೇ ತಪ್ಪು ರೀ."

"ಹೋಗ್ಲಿ ಬಿಡು," ಅಂದಿದ್ದ ಅವನು. ಥೂ! ಕ್ಷಮಿಸಿದವನ ಹಾಗೆ.

ಮತ್ತೆ ಅರ್ಜಿ ಹಾಕಲು ಅವಳು ಒಪ್ಪಲೇ ಇಲ್ಲ.

*

"ಭಾವ, ನಿಮ್ಮನ್ನೇ ಕೇಳ್ತಿರೋದು."

"ಅವಳಲ್ಲಮ್ಮ. ನಾನು." ಅವನು ಅವಳ ಕಿವಿಯ ಹತ್ತಿರ ಬಾಗಿದ. "ಅಡುಗೆ ಅವಳೇ ಮಾಡ್ತಾಳೆ ಅಂತ ಸುಳ್ಳು ಹೇಳಿದ್ದು ನಾನು. ನಾಚಿಕೆಗೆ."

ನಾದಿನಿ ಕೂತಲ್ಲೇ ಹಿಂದೆ ಸರಿದಳು. "ಈಗ ನನ್ನ ಕಿವೀಲಿ ಪಿಸುಗುಟ್ಟಿ ಏನು ಬಂತು?" ಎಂದು ಎದ್ದು ಆಚೆ ಹೋಗಿ ಕೂತಳು.

ವೆಲ್ಡರ್ ಅಡುಗೆಮನೆಗೆ ನಡೆದ. ಬೀದಿ ಕಡೆಯ ಕಿಟಕಿ ಹಾಕಿಯೇ ಇತ್ತು. ತಾನು ಒಲೆ ಮುಂದೆ ನಿಲ್ಲುವುದು ಯಾರಿಗೂ ಕಾಣದಿರಲೆಂದು ಅವನು ಅದನ್ನು ತೆಗೆದವನೇ ಅಲ್ಲ. ಒಗ್ಗರಣೆಯ ಘಾಟು ಒಳಗೇ ಸುತ್ತಿ ಅವಳು ಹಾಸಿಗೆಯಲ್ಲಿ ಕೆಮ್ಮುತ್ತಿದ್ದಳು. ಚಿಲಕ ಸರಿಸಿದರೂ ಜಿಡ್ಡು ಹಿಡಿದ ಕದ ಅಲ್ಲಾಡಲಿಲ್ಲ. ಗುದ್ದಿದ. ಅಂಗೈ ಕೆಂಪಾಗುವ ತನಕ ಗುದ್ದಿದ. ರಪ್ಪನೆ ತೆರೆದುಕೊಂಡಿತು.

ಬೀದಿಯಲ್ಲಿದ್ದವರೆಲ್ಲ ತಲೆ ಎತ್ತಿದರು. ಲೇತ್‌ನವನ ಬೀಡಿ ತುಟಿಯ ಹತ್ತಿರವೇ ನಿಂತಿತು. ವೆಲ್ಡರ್ ಹಿಂದೆ ಸರಿಯಲಿಲ್ಲ. ಒಲೆ ಹಚ್ಚಿ, ಕಿಟಕಿಯ ಬೆಳಕಿಗೆ ನಿಂತು ಈರುಳ್ಳಿ ಹೆಚ್ಚತೊಡಗಿದ.