ಬಲಗಡೆಯ ಕಪ್

ಜಪ್ಪಯ್ಯ ಅಂದರೂ ಅಲ್ಲಾಡದಿದ್ದ ಬೇರಿಂಗ್ ಕಪ್ ಒಮ್ಮೆಲೇ ಮೆತ್ತಗಾದಾಗ ಯೋರಿಸನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದ್ದ. ಬಂತು ನೋಡು ದಾರಿಗೆ ಎಂದುಕೊಂಡು ಕೈಯಿಂದಲೇ ಎಳೆದ. ಕಪ್ ಜೊತೆಗೆ ಹೊಳೆಯುವ ಉಕ್ಕಿನ ಸುರುಳಿಗಳು ನೆಲಕ್ಕುದುರಿದವು. ಫ್ರೇಮಿನ ಒಳಗಿನ ಥ್ರೆಡ್, ಕಪ್ಪನ್ನು ಹಿಡಿದಿಡುವ ತಿರುಪಿನ ಗೀರು, ಕಿತ್ತುಬಂದಿತ್ತು.

ಸೈಕಲ್ಲು ಅವನದಲ್ಲ, ಮಾವ ಒಮೇರನದು. ಸೊಂಟದ ಆಪರೇಷನ್ ಆಗಿ ಮಾವ ಚಳಿಗಾಲವನ್ನೆಲ್ಲ ಮನೆಯಲ್ಲೇ ಕಳೆದಿದ್ದ. ಪೆಡಲ್ ತುಳಿದರೆ ಫ್ರೇಮಿನ ತಳದಲ್ಲಿ ಕಟಕಟ ಸದ್ದು. ಪೆಡಲ್ ಹಿಡಿದ ಎರಡು ಕ್ರ್ಯಾಂಕುಗಳ ನಡುವಿನ ಬೇರಿಂಗು ಸವೆದಿತ್ತು; ಅದನ್ನು ಎರಡೂ ಕಡೆಯಿಂದ ಹಿಡಿದಿಡುವ ತಿರುಪಿನ ಮುಚ್ಚಳಗಳೇ ಕಪ್ಪುಗಳು. ಮಾವ ಮತ್ತೆ ಕ್ಲಬ್ಬಿನವರ ಜೊತೆ ಸವಾರಿ ಹೊರಡುವಷ್ಟರಲ್ಲಿ ಹೇಳದೆ ಕೇಳದೆ ಹೊಸದು ಹಾಕಿಡೋಣ ಎಂದು ಯೋರಿಸನ ಆಸೆ. ಕಾರ್ಪೆಟ್ ಕಾರ್ಖಾನೆಯ ಪಾಳಿ ಮುಗಿದು, ಮಕ್ಕಳನ್ನು ಈಜುಕೊಳದಿಂದ ಕರೆತರುವ ಮುಂಚೆ ಸಿಕ್ಕ ಚೂರು ಬಿಡುವಿನಲ್ಲಿ ಕೆಲಸಕ್ಕೆ ಕೂತಿದ್ದ. ಫ್ರೇಮಿನ ಮೇಲೆ ಪಕ್ಕದ ಊರಿನ ಹಳೆಯ ಅಂಗಡಿಯ ಹೆಸರಿತ್ತು. ನಮ್ಮ ಕಡೆಯ ಫ್ರೇಮು ಅಂದಮೇಲೆ ತನ್ನ ಸೈಕಲ್ಲಿನ ಹಾಗೆ ಇದಕ್ಕೂ ಇಂಗ್ಲಿಷ್ ಥ್ರೆಡ್ಡೇ, ಬಲಗಡೆಯ, ಅಂದರೆ ಚೈನಿನ ಕಡೆಯ, ಕಪ್ ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು ಎಂದು ನಂಬಿದ. ಅಳತೆ ತೆಗೆಯುವ ಗೋಜಿಗೇ ಹೋಗದೆ ಇಂಗ್ಲಿಷ್ ಅಳತೆಯ ಹೊಸ ಬೇರಿಂಗು ತಂದಿಟ್ಟಿದ್ದ.

ಆ ಹೊಸದು ಅಂಚಿಗೂ ತಾಗದೆ ತೂತಿನೊಳಗೆ ಜಾರಿದಾಗ ಅವನಿಗೆ ಹೊಳೆಯಿತು. ಫ್ರೇಮು ಇಟಲಿಯದು. ಆ ಕಾಲದಲ್ಲಿ ಅಲ್ಲಿಂದ ಬರಿಯ ಫ್ರೇಮು ತರಿಸಿ, ಬಣ್ಣ ಹಚ್ಚಿ, ತಮ್ಮ ಹೆಸರು ಬರೆದು ಮಾರುತ್ತಿದ್ದ ಅಂಗಡಿಗಳಿದ್ದವು. ಇಟಲಿಯದಕ್ಕೆ ತೂತು ದೊಡ್ಡದು, ಬಿಚ್ಚುವ ದಿಕ್ಕೂ ತಿರುವುಮುರುವು. ಅಷ್ಟು ಹೊತ್ತೂ ಅವನು ಬಿಚ್ಚುತ್ತಿರಲಿಲ್ಲ, ಬಿಗಿಯುತ್ತಿದ್ದ.

ಮಕ್ಕಳು ಕಾಯುತ್ತಿದ್ದರು. ಹಳೆಯ ಬೇರಿಂಗನ್ನೂ ಕಪ್ಪನ್ನೂ ಗ್ರೀಸು ಮೆತ್ತಿ ಮತ್ತೆ ತುರುಕಿ, ಕ್ರ್ಯಾಂಕ್ ಕೂರಿಸಿ, ನೆಲ ಗುಡಿಸಿ ಹೊರಟ. ಆಮೇಲೆ ಹೇಳಿದರಾಯಿತು ಎಂದುಕೊಂಡ. ಮನೆಗೆ ಬಂದರೆ ಊಟ, ಹೋಂವರ್ಕು, ಬಟ್ಟೆ; ಹೆಂಡತಿಗೂ ಹೇಳಲಿಲ್ಲ.

ಕಟಕಟ ಇನ್ನೂ ಜೋರಾಯಿತೆಂದು ಮಾವ ಸೈಕಲ್ಲನ್ನು ಫಿರ್ಮಿನ್ ಹತ್ತಿರ ಒಯ್ದ. ಫಿರ್ಮಿನ್ ಮಾವನ ಬಾಲ್ಯದ ಗೆಳೆಯ. ಹಿತ್ತಲ ಶೆಡ್ಡಿನಲ್ಲಿ ಇಡೀ ಕ್ಲಬ್ಬಿನ ಸೈಕಲ್ಲುಗಳನ್ನು ನೋಡಿಕೊಳ್ಳುವವನು, ಕೂಲಿಗೆ ಒಂದು ಬೀರು ಕೊಡಿಸಿದರೆ ಸಾಕು ಅನ್ನುವವನು. ಮುಂದಿನ ಭಾನುವಾರ ಕ್ಲಬ್ಬಿನವರ ಸವಾರಿ ಮುಗಿದು ಎಲ್ಲರೂ ಚರ್ಚಿನೆದುರಿನ ಕೆಫೆಯಲ್ಲಿ ಕೂತಿದ್ದಾಗ ಸುದ್ದಿ ಹೊರಬಿತ್ತು.

"ಕಪ್ಪು ಕೈಗೇ ಬಂತು ಕಣ್ರಯ್ಯಾ, ಮುದುಕಿ ಹಲ್ಲು ಬಂದ ಹಾಗೆ!" ಎಂದ ಒಮೇರ್. "ಹೋದ ಸಲ ಅದನ್ನ ಕೂರಿಸಿದ್ದು ಯಾರು? ಈ ಮಹಾನುಭಾವ! ಲೋ ಕುರುಡಾ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕ್ಕೊಳ್ಳೋ!"

ಎಲ್ಲರೂ ನಕ್ಕರು. ಫಿರ್ಮಿನ್ ಮಾತ್ರ ಲೋಟ ತಿರುಗಿಸುತ್ತ ಕೂತಿದ್ದ.

"ಸೊಟ್ಟ ಕೂರಿಸಿದ್ನೋ ಏನೋ," ಎಂದ. "ಈಗೀಗ ಕೈನೂ ನಡುಗುತ್ತೆ."

ಯೋರಿಸ್ ಸಾಸಿವೆ ಹಚ್ಚಿದ ಚೀಸಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡ.

ಅದಾದ ಮೂರ್ನಾಲ್ಕು ದಿನಕ್ಕೆ ಮಾವನ ಫೋನು. "ಲೋ ಅಳಿಯಾ, ವ್ಯಾನ್ ತಗೊಂಡು ಬಾರೋ. ಫಿರ್ಮಿನ್ ಕೆಲಸ ಬಿಡ್ತಾನಂತೆ. ಮೇಜು, ಹತಾರ ಎಲ್ಲ ಯಾರಿಗೋ ಕೊಟ್ಬಿಡ್ತಾನಂತೆ. ನಾನು ತಮಾಷೆಗಂದೆ, ಮುಂಡೇದು ಮನಸ್ಸಿಗೆ ಹಚ್ಕೊಂಡಿದೆ."

ಶೆಡ್ಡಿನ ಗೋಡೆಯ ಮೊಳೆಗಳೆಲ್ಲ ಬೋಳಾಗಿದ್ದವು; ಮಾವನ ಸೈಕಲ್ಲಿನ ಫ್ರೇಮು ಗೋಡೆಗೊರಗಿತ್ತು, ಅದರ ಪಕ್ಕ ಮಾವ ನಿಂತಿದ್ದ. ಮೇಜಿನ ಒಂದು ತುದಿ ಫಿರ್ಮಿನ್ ಹಿಡಿದ, ಇನ್ನೊಂದು ಯೋರಿಸ್. ಎತ್ತಿ ಬಾಗಿಲವರೆಗೆ ಬಂದದ್ದೂ ಆಯಿತು. ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದ ಮುದುಕ ಹೊಸಿಲು ಸಿಗುತ್ತದೇನೋ ಎಂದು ಕಾಲಲ್ಲಿ ತಡಕಾಡುವುದನ್ನು ನೋಡಿದ ಮೇಲೆ ಯೋರಿಸನಿಗೆ ಇನ್ನು ತಡೆಯಲಾಗಲಿಲ್ಲ.

"ಇಳಿಸಿ. ಇಳಿಸಿ ಫಿರ್ಮಿನ್. ಥ್ರೆಡ್ ಕಿತ್ತಿದ್ದು ನೀವಲ್ಲ, ನಾನು."

"ಏನಂದೆ?"

"ಹೊಸದು ಹಾಕೋಣ ಅಂತ ಬಿಚ್ಚೋಕೆ ಹೋದೆ. ಪೈಪು ಹಾಕಿ ತಿರುಗಿಸ್ದೆ. ಕಿತ್ತು ಬಂತು. ಹಂಗೇ ತುರುಕಿಟ್ಟೆ."

ಮೇಜು ದಡಕ್ಕೆಂದು ನೆಲ ಮುಟ್ಟಿತು. "ಯಾವ ಕಡೆಗೆ ತಿರುಗಿಸ್ದೆ?"

ಯೋರಿಸ್ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದ.

"ಥೂ ನಿನ್ನ! ಇಂಗ್ಲಿಷ್ ಅಂದ್ಕೊಂಡ್ಯಾ? ಸ್ಕೇಲಿಟ್ಟು ನೋಡಿದ್ರೆ ಗೊತ್ತಾಗ್ತಿರ್ಲಿಲ್ವೇನೋ ಕತ್ತೆ? ನಿದ್ದೆ ಇಲ್ಲ ಕಣೋ ನನಗೆ! ಮಲಗಿದ್ರೆ ಆ ಕಪ್ಪು, ಎದ್ರೆ ಆ ಕಪ್ಪು. ನನ್ನ ಕೈ ಹೋಯ್ತು ಅಂತಲೇ ತಿಳ್ಕೊಂಡಿದ್ದೆ!" ಬಯ್ಯುತ್ತ ಬಯ್ಯುತ್ತ ಮುದುಕನ ಮುಖಕ್ಕೆ ಬಣ್ಣ ಬರುತ್ತಿತ್ತು. ಪೆಟ್ಟಿಗೆಯಲ್ಲಿ ಕೈಹಾಕಿ ಅಳತೆಯ ಕ್ಯಾಲಿಪರನ್ನು ಹುಡುಕಿ ಅವನೆದೆಗೆ ಒತ್ತಿದ. "ಹಿಡಿ. ಆ ಫ್ರೇಮಿನ ತಳದ ಅಗಲ ಎಷ್ಟು, ನೋಡಿ ಹೇಳು."

"ಎಪ್ಪತ್ತು ಮಿಲಿಮೀಟರ್."

"ಇಂಗ್ಲಿಷ್ ಆಗಿದ್ರೆ?"

"ಅರವತ್ತೆಂಟು."

"ಎರಡೇ ಎರಡು ಮಿಲಿಮೀಟರ್ ನೋಡೋಕೆ ಸೋಮಾರಿತನ! ಈಗ ಏನು ಹಾಕ್ತೀಯ? ಇದಕ್ಕಿಂತ ದೊಡ್ಡ ಥ್ರೆಡ್ ಕೊರೆಯೋಕೆ ಅದರಲ್ಲಿ ಜಾಗ ಇಲ್ಲ."

"ಥ್ರೆಡ್ಡೇ ಇಲ್ಲದ್ದು ಬರುತ್ತಲ್ಲ, ಎರಡೂ ಕಡೆಯಿಂದ ಒಳಗೇ ಕಚ್ಚಿ ಹಿಡಿಯೋದು. ಎಪ್ಪತ್ತರ ಅಗಲಕ್ಕೆ ಸರಿಹೋಗೋದನ್ನೇ ತರ್ತೀನಿ. ಆಕ್ಸಲ್ ಉದ್ದಕ್ಕೆ ಹಳೇದನ್ನ ಅಳೀತೀನಿ, ಇಲ್ದಿದ್ರೆ ಚೈನ್ ಸಾಲು ತಪ್ಪುತ್ತೆ."

"ಓಹೋ, ಎಲ್ಲಾ ಗೊತ್ತು! ಕೆಡಿಸಿದ ಮೇಲೆ ಗೊತ್ತು!"

ಅಲ್ಲಿಯವರೆಗೆ ಒಮೇರ್ ಕೋಲೂರಿ ಕೇಳಿಸಿಕೊಳ್ಳುತ್ತಿದ್ದ. ಫ್ರೇಮು ಹೋಯಿತೆಂದು ಕೂಗಾಡುತ್ತಾನೆ ಎಂದು ಯೋರಿಸ್ ಕಾದ. ಕೂಗಾಡಿದ್ದರೆ ಸುಲಭವಿತ್ತು.

"ನಾನು ಇವನನ್ನ ಅಷ್ಟು ಜನರ ಮುಂದೆ ಕುರುಡ ಅಂದೆ," ಎಂದ ಮಾವ ಮೆಲ್ಲಗೆ. "ನೀನು ಅಲ್ಲೇ ಪಕ್ಕದಲ್ಲಿ ಕೂತು ಚೀಸ್ ತಿಂತಿದ್ದೆ."

ಯೋರಿಸ್ ಕ್ಯಾಲಿಪರನ್ನು ಮತ್ತೆ ಪೆಟ್ಟಿಗೆಗೆ ಹಾಕಿದ.

"ಹೋಗ್ಲಿ ಬಿಡೋ ಒಮೇರ್," ಎಂದ ಫಿರ್ಮಿನ್.

"ಹೋಗೋದಿಲ್ಲ. ಭಾನುವಾರ ಅದೇ ಕೆಫೆ, ಅದೇ ಜನ. ಇವನೇ ಎದ್ದು ನಿಂತು ಹೇಳ್ಬೇಕು."

"ಹೇಳ್ತೀನಿ ಮಾವ."

ಮಾವ ಗೋಡೆಗೊರಗಿದ್ದ ಫ್ರೇಮನ್ನು, ಇನ್ನು ಅಳಿಯನ ಕೈಗೆ ಸಿಗಬಾರದೆಂಬಂತೆ, ತನ್ನ ಕಡೆಗೆ ಎಳೆದುಕೊಂಡ. ಫಿರ್ಮಿನ್ ಮಾತ್ರ ಆಗಲೇ ಬಗ್ಗಿ ಮೇಜಿನ ತುದಿ ಹಿಡಿದು, ಒಳಗೆ ಕಿಟಕಿಯ ಕೆಳಗೆ ಅದಿದ್ದ ಖಾಲಿ ಜಾಗದ ಕಡೆ ಗದ್ದ ತೋರಿಸಿದ. ಯೋರಿಸ್ ಇನ್ನೊಂದು ತುದಿಯನ್ನೆತ್ತಿದ. ಈ ಸಲ ಹಿಂದೆ ಹಿಂದೆ ಹೆಜ್ಜೆಯಿಡುವ ಸರದಿ ಅವನದಾಗಿತ್ತು.